ಹುದ್ದೆ ಕೊರೆಸಿದ ಬಟ್ಟಲು

ಮೊನ್ನೆ ಪಕ್ಕದ ಮನೆಯಿಂದ ಒಂದು ಸ್ಟೀಲ್ ಬಟ್ಟಲಿನಲ್ಲಿ ಗೋಧಿ ಹುಗ್ಗಿ ಬಂತು. ಬೀದರದ ನಮ್ಮ ಮೈಲೂರಿನ ಓಣಿಯಲ್ಲಿ ಹಬ್ಬ ಯಾರದ್ದೇ ಇರಲಿ, ಬಟ್ಟಲುಗಳು ಮಾತ್ರ ಎಲ್ಲರ ಮನೆಗೂ ಓಡಾಡುತ್ತವೆ. ಹುಗ್ಗಿಯ ಮೇಲೆ ತುಪ್ಪ ಧಾರಾಳವಾಗಿತ್ತು. ಸಕ್ಕರೆ ಕಾಯಿಲೆಯವನು ನಾನು, ಎರಡು ಚಮಚ ಸಾಕು ಎಂದುಕೊಂಡು ಕೂತವನು ಪೂರಾ ಬಳಿದು ತಿಂದೆ. ಹೆಂಡತಿ ಸುಮನ್‌ಗೆ ಗೊತ್ತಾಗದಂತೆ ತೊಳೆದಿಡೋಣವೆಂದು ನಲ್ಲಿಯ ಕೆಳಗೆ ಹಿಡಿದರೆ ಅಂಚಿನ ಸುತ್ತ ಕೊರೆದ ಅಕ್ಷರಗಳು ಬೆರಳಿಗೆ ತಾಗಿದವು. ಓದಲು ಕನ್ನಡಕ ಬೇಕಾಗಲಿಲ್ಲ. ಅಲ್ಲಿ ಏನಿದೆಯೆಂಬುದು ನನಗೆ ಬಾಯಿಪಾಠ: ‘ಶ್ರೀ ಸುಧಾಕರ, ಸಹಾಯಕ ನಿರ್ದೇಶಕರು, ಇವರ ಕೃತಜ್ಞತಾ ಕೂಟದ ನೆನಪಿಗಾಗಿ.’

ಸುಧಾಕರ ನಾನೇ. ಕೂಟ ನಡೆದದ್ದೂ ನಿಜ. ಸಹಾಯಕ ನಿರ್ದೇಶಕ ಮಾತ್ರ ನಾನು ಒಂದು ದಿನವೂ ಆಗಿರಲಿಲ್ಲ.

ನಮ್ಮ ಕ್ರೈಸ್ತರ ಮನೆಗಳ ಪದ್ಧತಿ ನಿಮಗೆ ಗೊತ್ತಿಲ್ಲದಿದ್ದರೆ ಸ್ವಲ್ಪ ಹೇಳಿಬಿಡುತ್ತೇನೆ. ಮನೆಯಲ್ಲಿ ಏನಾದರೂ ಒಳ್ಳೆಯದಾದರೆ, ಮಗ ಪಾಸಾದರೆ, ಆಪರೇಶನ್ ಸುಸೂತ್ರವಾದರೆ, ಹೊಸ ಗಾಡಿ ಬಂದರೆ, ಪಾಸ್ಟರನ್ನೂ ಚರ್ಚಿನ ಸಭೆಯವರನ್ನೂ ಮನೆಗೆ ಕರೆದು ಹಾಡಿ, ಪ್ರಾರ್ಥನೆ ಮಾಡಿ, ಉಣಿಸಿ ಕಳಿಸುತ್ತೇವೆ. ಅದಕ್ಕೆ ಕೃತಜ್ಞತಾ ಕೂಟ ಎನ್ನುತ್ತೇವೆ. ನಡುವೆ ಸಾಕ್ಷಿ ಹೇಳುವ ಸಮಯವಿರುತ್ತದೆ. ಯಾರು ಬೇಕಾದರೂ ಎದ್ದು ನಿಂತು ದೇವರು ತಮಗೆ ಏನು ಮಾಡಿದನೆಂದು ನಾಲ್ಕು ಮಾತು ಹೇಳಬಹುದು. ಎಲ್ಲದಕ್ಕೂ ಒಂದೇ ನಿಯಮ: ಮೊದಲು ಸಿಗಬೇಕು, ಆಮೇಲೆ ಕೃತಜ್ಞತೆ.

ನಾನು ಸಿಗುವ ಮೊದಲೇ ಕೂಟ ಇಟ್ಟೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಎಂದು ಹಿರಿಯರು ಹೇಳಿದ್ದು ನನ್ನನ್ನೇ ಕಂಡು ಇರಬೇಕು.

ಇಲಾಖೆ ಯಾವುದೆಂದು ಕೇಳಬೇಡಿ. ಅದಕ್ಕೂ ಮರ್ಯಾದೆ ಇದೆ. ಗುಮಾಸ್ತನಾಗಿ ಸೇರಿ ಸೂಪರಿಂಟೆಂಡೆಂಟ್ ಆಗುವಷ್ಟರಲ್ಲಿ ನನ್ನ ಅರ್ಧ ಕೂದಲು ಹೋಗಿತ್ತು. ಉಳಿದ ಅರ್ಧದೊಂದಿಗೆ ನಾನು ಸಹಾಯಕ ನಿರ್ದೇಶಕನ ಹುದ್ದೆಗೆ ಕಾದೆ. ಎಷ್ಟೋ ವರ್ಷ ನನ್ನ ಪ್ರಾರ್ಥನೆಯೆಂದರೆ ಅದೊಂದೇ. ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆಗೆ ಚೀಟಿ ಬರೆದುಕೊಡುವ ಪದ್ಧತಿಯಿದೆ. ಒಬ್ಬರು ಜ್ವರ ಬಂದ ಮಗುವಿಗೆ, ಇನ್ನೊಬ್ಬರು ಕುಡಿಯುವ ಗಂಡನಿಗೆ ಬರೆದುಕೊಟ್ಟರೆ ನಾನು ‘ಸಹೋದರ ಸುಧಾಕರ ಅವರ ಬಡ್ತಿಗಾಗಿ’ ಎಂದು ಬರೆದುಕೊಡುತ್ತಿದ್ದೆ. ಸಭೆಯವರು ಪಾಪ, ಕಣ್ಣು ಮುಚ್ಚಿ ನನ್ನ ಬಡ್ತಿಗಾಗಿ ದೇವರನ್ನು ಬೇಡುತ್ತಿದ್ದರು. ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ಹನ್ನೊಂದು ವರ್ಷದ ಹಿಂದೆ ಒಂದು ದಿನ ಕಲಬುರಗಿಯ ಕಚೇರಿಯಿಂದ ಪರಿಚಯದ ಗುಮಾಸ್ತರೊಬ್ಬರು ಫೋನು ಮಾಡಿದರು. “ಸರ್, ನಿಮ್ಮ ಫೈಲಿಗಿ ಸಹಿ ಬಿದ್ದದ. ಒಂದನೇ ತಾರೀಕಿಗಿ ಚಾರ್ಜ್ ತಗೋಳೋದೇ ಬಾಕಿ” ಎಂದರು. ಸಾಕಾಯಿತು ನನಗೆ. ತಿಂಗಳ ಕೊನೆಯ ದಿನ ಸಂಜೆಗೆ ಕೂಟ ಗೊತ್ತು ಮಾಡಿದೆ. ಬಂದವರಿಗೆ ಕಾಣಿಕೆಯಾಗಿ ಅರವತ್ತು ಬಟ್ಟಲು ಕೊಡಲು ಗಾಂಧಿ ಗಂಜಿನ ಹತ್ತಿರದ ಪಾತ್ರೆ ಅಂಗಡಿಗೆ ಹೋದೆ. ಹೆಸರು ಕೊರೆಯುವವನ ಕೈಗೆ ನಾನು ಕೊಟ್ಟ ಚೀಟಿಯಲ್ಲಿ ಮೊದಲು ಇದ್ದದ್ದು ‘ದೇವರಿಗೆ ಸ್ತೋತ್ರ’ ಎಂಬ ಮಾತು. ಅವನು ಬಟ್ಟಲನ್ನು ತಿರುಗಿಸಿ ನೋಡಿ ತಲೆ ಕೆರೆದುಕೊಂಡ.

“ಸಾಹೇಬ್ರ, ಬಟ್ಟಲ ಸಣ್ಣದದ, ನಿಮ್ಮ ಹುದ್ದಾ ದೊಡ್ಡದದ. ಇಷ್ಟೆಲ್ಲಾ ಕೂಡಲ್ರಿ. ದೇವರದರೆ ಇಡ್ರಿ, ಹುದ್ದಾರೆ ಇಡ್ರಿ. ಒಂದು ತೆಗೀಬೇಕು.”

ನಾನು ಬಹಳ ಹೊತ್ತು ಯೋಚಿಸಲಿಲ್ಲ. ದೇವರಿಗೆ ಎಲ್ಲಾ ಗೊತ್ತಿರುತ್ತದೆ, ಅವನ ಹೆಸರು ಬಟ್ಟಲಿನ ಮೇಲೆ ಇರಲೇಬೇಕೆಂದೇನಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ಹುದ್ದೆ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅವನು ‘ದೇವರಿಗೆ ಸ್ತೋತ್ರ’ವನ್ನು ಹೊಡೆದು ಹಾಕಿ ಯಂತ್ರ ಶುರು ಮಾಡಿದ.

ಇಲ್ಲಿ ನನ್ನ ಅಕ್ಕನ ವಿಷಯ ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಅಕ್ಕ ಎಂದರೆ ರಾಹೇಲಮ್ಮ, ನನಗಿಂತ ಏಳು ವರ್ಷ ದೊಡ್ಡವಳು. ನಾನು ಆರು ವರ್ಷದವನಿದ್ದಾಗ ಅವ್ವ ಹೋದಳು. ಅಪ್ಪ ಗಾಂಧಿ ಗಂಜಿನ ಧಾನ್ಯದ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ. ಸಂಜೆ ಮನೆಗೆ ಬಂದರೆ ಅವನ ಕೂದಲಲ್ಲಿ ತೊಗರಿಯ ಹೊಟ್ಟು ಇರುತ್ತಿತ್ತು. ನಾನು ಅವನ ಹೆಗಲ ಮೇಲೆ ಕೂತು ಅದನ್ನು ಆರಿಸುತ್ತಿದ್ದೆ. ಅವನೂ ನನ್ನ ಹನ್ನೆರಡನೆಯ ವರ್ಷಕ್ಕೆ ತೀರಿಕೊಂಡ. ಅಕ್ಕ ಹತ್ತೊಂಬತ್ತಕ್ಕೆ ಮಿಶನ್ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿ ಸೇರಿದಳು. ನಾವಿಬ್ಬರೂ ಆಸ್ಪತ್ರೆಯ ಹಿಂದಿನ ಒಂದು ಕೋಣೆಯಲ್ಲಿ ಇದ್ದೆವು. ಮದುವೆಯ ಮಾತು ಎರಡು ಸಲ ಬಂದಿತ್ತು. ತಮ್ಮನ ಓದು ಮುಗಿಯಲಿ ಎಂದು ಮುಂದೂಡಿದಳು. ನನ್ನ ಓದು ಮುಗಿಯುವಷ್ಟರಲ್ಲಿ ಕೇಳುವವರು ಮುಗಿದಿದ್ದರು.

ಆಸ್ಪತ್ರೆಯ ಹಳೆಯ ಹಾಸಿಗೆ ಬಟ್ಟೆಗಳನ್ನು ತೆಗೆದು ಹಾಕುವಾಗ ಅಕ್ಕ ಕೇಳಿ ತಂದು ನನಗೆ ಅಂಗಿ ಹೊಲಿಯುತ್ತಿದ್ದಳು. ಹಾಸಿಗೆ ಬಟ್ಟೆಯ ಮೂಲೆಗೆ ವಾರ್ಡಿನ ನಂಬರು ಕರೀ ಶಾಯಿಯಲ್ಲಿ ಒತ್ತಿರುತ್ತಿತ್ತು. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಅವಳು ಜಾಣತನದಿಂದ ಅದನ್ನು ಅಂಗಿಯ ಕೆಳಗಿನ ಅಂಚಿನ ಒಳಗೆ ಮಡಚಿ ಹೊಲಿಯುವಳು. ಆದರೂ ಒಂದು ದಿನ ಸಾಲೆಯಲ್ಲಿ ಮರ ಹತ್ತುವಾಗ ಅಂಚು ಬಿಚ್ಚಿತು. ಆಮೇಲೆ ಒಂದು ವರ್ಷ ಹುಡುಗರು ನನ್ನನ್ನು ‘ವಾರ್ಡ್ ಮೂರು’ ಎಂದೇ ಕರೆದರು. ನನ್ನ ಹೆಸರಿನ ಮುಂದೆ ಏನಾದರೂ ದೊಡ್ಡದು ಬರಬೇಕೆಂಬ ಹಟ ಅಲ್ಲಿಂದಲೇ ಹುಟ್ಟಿತೇನೋ. ಇರಲಿ, ನೆಪ ಹೇಳುವುದರಲ್ಲಿ ನಾನು ಮೊದಲಿನಿಂದಲೂ ಹುಷಾರು.

ಅಕ್ಕನಿಗೆ ಇಂಥ ಹಟವೇ ಇರಲಿಲ್ಲ. ಆಗ ತಾನೇ ಹುಟ್ಟಿದ ಕೂಸುಗಳನ್ನು ಒರೆಸಿ ಸ್ವಚ್ಛ ಮಾಡುವುದು ಅವಳ ಕೆಲಸ. ಗಂಜಿನ ಅಡತಿ ಸಾಹುಕಾರರ ಮೊಮ್ಮಗ ಬಂದರೂ ಅದೇ ಟವೆಲು, ಹಮಾಲರ ಮಗಳು ಬಂದರೂ ಅದೇ ಟವೆಲು. “ಕೂಸಿನ ತೂಕ ಬರೀತಾರ, ಕಿಮ್ಮತ್ತು ಯಾರೂ ಬರಿಯಲ್ಲ. ಅದು ಮೇಲಿನಾವಗ ಗೊತ್ತು” ಎನ್ನುವಳು. ನಾನು ಆಗ ಇಲಾಖಾ ಪರೀಕ್ಷೆಗೆ ಓದುತ್ತಿದ್ದೆ. ಅಕ್ಕನ ಇಂಥ ಮಾತುಗಳನ್ನು ಕೇಳಿಸಿಕೊಳ್ಳುತ್ತಿದ್ದೆ, ಕೇಳುತ್ತಿರಲಿಲ್ಲ.

ಕೂಟದ ದಿನ ಸಂಜೆ ಮನೆ ತುಂಬ ಜನ. ನಮ್ಮ ಇಲಾಖೆಯ ಅಧಿಕಾರಿಗಳು ಬಂದಿದ್ದರು. ನನ್ನ ಜೊತೆಗೆ ಕೆಲಸ ಮಾಡುತ್ತಿದ್ದ ಅಂಬಾದಾಸ ಭಾಲ್ಕಿಯಿಂದ ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದರು. ಬೌದ್ಧರ ಮನೆಯವರು, ಪ್ರಾರ್ಥನೆಯ ಹೊತ್ತಿಗೆ ನಮಗಿಂತ ನೆಟ್ಟಗೆ ಕೈ ಮುಗಿದು ಕೂತಿದ್ದರು. ಅಧಿಕಾರಿಗಳಿಗೆ ಮುಂದೆ ಕುರ್ಚಿ, ಉಳಿದವರಿಗೆ ಜಮಖಾನೆ. ಅಷ್ಟರಲ್ಲಿ ಅಕ್ಕ ಬಂದಳು. ಡ್ಯೂಟಿಯಿಂದ ನೆಟ್ಟಗೆ ಬಂದಿದ್ದಳು. ಮೈಮೇಲೆ ಆಸ್ಪತ್ರೆಯ ಆಯಾಗಳ ನೀಲಿ ಅಂಚಿನ ಬಿಳಿ ಸೀರೆ, ಜೊತೆಗೆ ಫಿನಾಯಿಲಿನ ವಾಸನೆ. ನಾನು ಬಾಗಿಲಲ್ಲೇ ತಡೆದೆ.

“ಅಕ್ಕ, ಸುಮನ್ ಒಬ್ಬಾಕಿನೇ ಆಗ್ಯಾಳ. ಅಡಗಿಮನ್ಯಾಗ ಜರಾ ನೋಡ್ಕೋ.”

“ಆತು ತಗೊ. ಸಾಕ್ಷಿ ಟೈಮಿಗಿ ಬರ್ತೇನಿ. ನಂದೊಂದು ಹೇಳೋದದ” ಎಂದು ಒಳಗೆ ಹೋದಳು.

ಸುಮನ್ ಒಬ್ಬಳೇ ಆಗಿದ್ದಳು ಎನ್ನುವುದು ಸುಳ್ಳಲ್ಲ. ಸುಳ್ಳಲ್ಲದ ಮಾತಿನ ಹಿಂದೆ ಅಡಗುವುದು ಎಷ್ಟು ಸಲೀಸು ನೋಡಿ.

ಪಾಸ್ಟರ್ ನನ್ನನ್ನು ಹೊಗಳಿದರು. ಆದೇಶ ಕೈಗೆ ಬರುವ ಮೊದಲೇ ಸ್ತೋತ್ರ ಸಲ್ಲಿಸುವುದು ದೊಡ್ಡ ವಿಶ್ವಾಸದ ಗುರುತು ಎಂದರು. ನಾನು ಹಾರ್ಮೋನಿಯಂ ಮುಂದೆ ಕೂತು ತಲೆ ತಗ್ಗಿಸಿದೆ. ಚಿಕ್ಕಂದಿನಿಂದ ಸಭೆಯಲ್ಲಿ ಬಾರಿಸುವವನು ನಾನೇ. ಸಾಕ್ಷಿಯ ಸಮಯ ಬಂತು. ಒಬ್ಬರಿಬ್ಬರು ಹೇಳಿದರು. ಆಮೇಲೆ ಅಡಿಗೆಮನೆಯ ಬಾಗಿಲಲ್ಲಿ ಅಕ್ಕ ಕಾಣಿಸಿಕೊಂಡಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, “ಪಾಸ್ಟರ್, ನಂದೊಂದು ಸಾಕ್ಷಿ ಅದರಿ” ಎಂದಳು.

ಇವಳೀಗ ಹಾಸಿಗೆ ಬಟ್ಟೆಯ ಅಂಗಿಯ ಕಥೆ ತೆಗೆಯುತ್ತಾಳೆ, ಅಪ್ಪನ ಹಮಾಲಿ ತೆಗೆಯುತ್ತಾಳೆ, ಅಧಿಕಾರಿಗಳ ಮುಂದೆ ನಾನು ಮತ್ತೆ ವಾರ್ಡ್ ಮೂರು ಆಗುತ್ತೇನೆ ಎಂದು ಅನ್ನಿಸಿತು. ಅವಳು ಇನ್ನೊಂದು ಮಾತು ಆಡುವ ಮೊದಲು ನನ್ನ ಕೈ ತಾನೇ ತಾನಾಗಿ ಹಾರ್ಮೋನಿಯಂ ತಿದಿ ಒತ್ತಿ ಮುಕ್ತಾಯದ ಹಾಡು ಎತ್ತಿಕೊಂಡುಬಿಟ್ಟಿತು. ಜನ ಸಮಯವಾಯಿತೆಂದು ತಿಳಿದು ಎದ್ದು ನಿಂತು ಹಾಡತೊಡಗಿದರು. ಅಕ್ಕ ಒಂದು ಕ್ಷಣ ಬಾಯಿ ತೆರೆದುಕೊಂಡೇ ನಿಂತಿದ್ದಳು. ಆಮೇಲೆ ಅವಳೂ ಹಾಡಿದಳು.

ಎಲ್ಲರೂ ಉಂಡರು, ಬಟ್ಟಲು ತೆಗೆದುಕೊಂಡು ಹೋದರು.

ಮರುದಿನ ಆದೇಶ ಬಂತು. ಅಂಬಾದಾಸರ ಹೆಸರಿಗೆ. ಜ್ಯೇಷ್ಠತಾ ಪಟ್ಟಿಯನ್ನು ಮತ್ತೆ ಪರಿಶೀಲಿಸಿದಾಗ ಅವರು ನನಗಿಂತ ಎಂಟು ದಿನ ಮೊದಲು ಸೇರಿದ್ದು ಗೊತ್ತಾಯಿತಂತೆ. ಯಾರದ್ದೂ ಮೋಸವಿಲ್ಲ, ಯಾರದ್ದೂ ವಶೀಲಿಯಿಲ್ಲ. ಬೈಯಲು ಒಬ್ಬ ಮನುಷ್ಯನಾದರೂ ಸಿಕ್ಕಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ನನ್ನದು ಅರವತ್ತು ಬಟ್ಟಲುಗಳಲ್ಲಿ ಊರೆಲ್ಲ ಹೋಗಿತ್ತು. ಮನೆಮನೆಗೆ ಹೋಗಿ ವಾಪಸ್ಸು ಕೇಳಲು ಬರುವುದಿಲ್ಲವಲ್ಲ!

ಸುದ್ದಿ ತಿಳಿದು ಎಲ್ಲರಿಗಿಂತ ಮೊದಲು ಬಂದವಳು ಅಕ್ಕ. ಅವಳ ದನಿ ಅಂಗಳದಲ್ಲಿ ಕೇಳಿದ್ದೇ ನಾನು ಬಚ್ಚಲಿಗೆ ಹೊಕ್ಕು ನಲ್ಲಿ ತಿರುಗಿಸಿ ಕೂತೆ. ಸ್ನಾನಕ್ಕೆ ಹೋಗಿದ್ದಾರೆ ಎಂದು ಸುಮನ್ ಹೇಳಿದಳು. ಅಕ್ಕ ಅರ್ಧ ತಾಸು ಕೂತಳು. ಕೊನೆಗೆ ಏಳುತ್ತ, ನನಗೂ ಕೇಳಿಸುವಂತೆ, “ನೀರು ಭಾಳ ಹಾಳಾಗ್ಲತ್ತದ, ನಳ ಬಂದ್ ಮಾಡಂತ ಹೇಳವ್ವ ಅವಗ” ಎಂದು ಹೇಳಿ ಹೋದಳು. ಮುಂದೆ ಎರಡು ತಿಂಗಳಲ್ಲಿ ಆಸ್ಪತ್ರೆಯ ಕೋಣೆ ಬಿಟ್ಟು ಔರಾದ ತಾಲೂಕಿನ ಠಾಣಾ ಕುಶನೂರಿಗೆ, ನಮ್ಮ ಅಪ್ಪನ ಊರಿಗೆ, ಹೋಗಿ ನೆಲೆಸಿದಳು. ಸಾಮಾನು ಹೇರುವ ದಿನ ನನಗೆ ಮೀಟಿಂಗ್ ಇತ್ತು. ಮೀಟಿಂಗು ನಿಜವಾಗಿಯೂ ಇತ್ತೋ ಇಲ್ಲವೋ, ಈಗ ನನಗೇ ನೆನಪಿಲ್ಲ.

ಅಂಬಾದಾಸರ ಕೈಕೆಳಗೆ ಕೂರಲಾಗದೆ ಬೀದರದಿಂದ ವರ್ಗ ಕೇಳಿಕೊಂಡೆ. ಎಲ್ಲಿಗೆ ಕೊಟ್ಟರು ಗೊತ್ತೇ? ಭಾಲ್ಕಿಗೆ. ಅವರ ಸ್ವಂತ ಊರಿಗೆ. ಒಂದು ದಿನ ತಮ್ಮ ಮನೆಗೆ ಬಲವಂತದಿಂದ ಕರೆದುಕೊಂಡು ಹೋದರು. ಅವರ ತಾಯಿ ಚುರುಮುರಿ ಸುಸಲಾ ತಂದಿಟ್ಟರು, ಯಾವುದರಲ್ಲಿ ಎಂದು ಬೇರೆ ಹೇಳಬೇಕೇ? ನಿಜವಾದ ಸಹಾಯಕ ನಿರ್ದೇಶಕರ ಎದುರಿಗೆ ಕೂತು ಸುಳ್ಳು ಸಹಾಯಕ ನಿರ್ದೇಶಕನು ಅಕ್ಷರಗಳ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ತಿಂದ. ಅಂಬಾದಾಸ ಅದನ್ನು ನೋಡಿದರು. “ಸರ್, ಈ ಬಟ್ಟಲ ನಮ್ಮ ಅವ್ವಗ ಭಾಳ ಪಸಂದ್ ಅದರಿ. ಎಷ್ಟ್ ಸಲ ಬಿದ್ರೂ ನೆಗ್ಗಿಲ್ಲಂತ” ಎಂದರು. ಅಂಥ ಒಳ್ಳೆಯ ಮನುಷ್ಯನನ್ನು ನಾನು ಏಳು ವರ್ಷ ಮನಸ್ಸಿನಲ್ಲಿ ಬೈದುಕೊಂಡೆ.

ಚರ್ಚಿಗೂ ಹೋಗುವುದು ಬಿಟ್ಟೆ. ನನ್ನ ಬಡ್ತಿಗಾಗಿ ಕಣ್ಣು ಮುಚ್ಚಿದವರ ಕಣ್ಣನ್ನು ಹೇಗೆ ನೋಡುವುದು? ಸುಮನ್ ಪ್ರತಿ ಭಾನುವಾರ ಒಬ್ಬಳೇ ಹೋಗಿ ಒಬ್ಬಳೇ ಬಂದಳು. ನಾನು ದೇವರ ಮೇಲೆ ಸಿಟ್ಟು ಮಾಡಿಕೊಂಡಿದ್ದೇನೆ ಎಂದು ತಿಳಿದಿದ್ದೆ. ನಿವೃತ್ತನಾಗಿ ಮನೆಯಲ್ಲಿ ಕೂತ ಮೇಲೆ, ಕಚೇರಿಯಿಂದ ಒಂದೂ ಫೋನು ಬಾರದ ದಿನಗಳಲ್ಲಿ, ನಿಜ ತಿಳಿಯಿತು. ನಾನು ಇಷ್ಟು ವರ್ಷ ದೇವರ ಹತ್ತಿರ ದೇವರನ್ನು ಕೇಳಿರಲೇ ಇಲ್ಲ, ಇಲಾಖೆಯನ್ನು ಕೇಳಿದ್ದೆ. ನಾನು ಯಾರು ಎಂಬುದಕ್ಕೆ ಉತ್ತರ ಒಂದು ಆದೇಶದ ಪ್ರತಿಯಲ್ಲಿ ಬರುತ್ತದೆಂದು ಕಾದಿದ್ದೆ. ಹುದ್ದೆ ಹೋದ ಮೇಲೆ ಉಳಿದ ಮನುಷ್ಯನ ಪರಿಚಯವೇ ನನಗಿರಲಿಲ್ಲ. ಆ ಮನುಷ್ಯನನ್ನು ಬಲ್ಲವಳು ಒಬ್ಬಳೇ ಇದ್ದಳು. ಅವಳ ಬಾಯಿ ನಾನು ಮುಚ್ಚಿಸಿದ್ದೆ.

ಈ ಹನ್ನೊಂದು ವರ್ಷದಲ್ಲಿ ಅಕ್ಕನನ್ನು ನಾನು ನೋಡಿಯೇ ಇಲ್ಲವೆಂದಲ್ಲ. ಮದುವೆಗಳಲ್ಲಿ ಸಿಕ್ಕಿದ್ದಳು, ಕ್ರಿಸ್ಮಸ್ಸಿಗೆ ಬಂದು ಹೋಗಿದ್ದಳು. ಆ ಸಂಜೆಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ಹುಗ್ಗಿ ತಿಂದ ಆ ಮಧ್ಯಾಹ್ನ ತೊಳೆದ ಬಟ್ಟಲನ್ನು ಹಿಡಿದು ನಿಂತವನಿಗೆ ಇದ್ದಕ್ಕಿದ್ದಂತೆ ಆ ಸಾಕ್ಷಿ ಕೇಳಬೇಕು ಅನ್ನಿಸಿತು. ಅವಳು ಅಂದು ಏನು ಹೇಳಲು ನಿಂತಿದ್ದಳು? ಅಂಗಿಯ ಕಥೆಯೇ ಆಗಿರಲಿ, ಎಲ್ಲರ ಮುಂದೆ ಹೇಳಲಿ ಎಂಬಷ್ಟು ಆಸೆಯಾಯಿತು.

ಸುಮನ್ ಹಿಂದೆ ಬಂದು ನಿಂತಿದ್ದಳು. “ಹುಗ್ಗಿ ತಿಂದಿದ್ದು ನೋಡೇನ್ರಿ. ಅದು ಬಿಡ್ರಿ. ಅಕ್ಕನ ಮನಿಗಿ ಹೋಗಿ ಬರ್ರಿ” ಎಂದಳು.

ಶನಿವಾರ ಔರಾದಿನಲ್ಲಿ ಬಸ್ಸು ಬದಲಿಸಿ ಠಾಣಾ ಕುಶನೂರಿಗೆ ಹೋದೆ. ಸೋಯಾ ಕಟಾವಾಗಿ ಹೊಲ ಖಾಲಿಯಿತ್ತು. ತೊಗರಿ ಹಳದಿ ಹೂ ಬಿಟ್ಟಿತ್ತು. ಅಕ್ಕ ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಎಪ್ಪತ್ತೊಂದಾದರೂ ನೆಲಕ್ಕೆ ಕೂತರೆ ಕೈಯೂರದೆ ಏಳುತ್ತಾಳೆ. ನನ್ನನ್ನು ನೋಡಿ, “ಸುಧ್ಯಾ, ಊಟ ಆಗ್ಯಾದೇನು?” ಎಂದಳು. ಯಾಕೆ ಬಂದೆ ಎಂದು ಕೇಳಲಿಲ್ಲ.

ಉಂಡ ಮೇಲೆ ಧೈರ್ಯ ಮಾಡಿದೆ. “ಅಕ್ಕ, ನಮ್ಮ ಮನ್ಯಾಗ ಕೂಟ ಇತ್ತಲ್ಲ, ಅವತ್ತು ನೀ ಸಾಕ್ಷಿ ಹೇಳಬೇಕಂತ ನಿಂತಿದ್ದಿ. ನಾ ಬೇಕಂತೇ ಹಾಡು ಸುರು ಮಾಡ್ದೆ.”

“ಗೊತ್ತದ.”

“ನನ್ನ ಮಾನ ಕಳೀತಿ ಅಂತ ಅಂಜಿದ್ದೆ. ಏನ್ ಹೇಳಾಕಿ ಇದ್ದಿ?”

ಅಕ್ಕ ನನ್ನನ್ನೇ ನೋಡಿದಳು. ನಿಜವಾಗಿಯೂ ಅಚ್ಚರಿಯಾಗಿತ್ತು ಅವಳಿಗೆ. “ನಿಂದೇನ್ ಹೇಳ್ಲಿ? ನಾ ನಂದು ಹೇಳಾಕಿ ಇದ್ದೆ. ಅವತ್ತು ನನ್ನ ರಿಟೈರ್ಮೆಂಟ್ ಇತ್ತಲ್ಲೋ! ನಲವತ್ತೊಂದು ವರ್ಷದ ಡ್ಯೂಟಿ ಅವತ್ತೇ ಮುಗೀತು. ಅದಕ್ಕೇ ಸೀರಿ ಬದಲಿ ಮಾಡ್ದೆ ಬಂದಿದ್ದೆ. ಮತ್ತ ಆ ಸೀರಿ ಉಡಾಕಿ ಇಲ್ಲಲ್ಲ ಅಂತ. ಕಡೀ ಕೂಸು ಮೂರು ಗಂಟೇಕ ಬಂತು. ಹೆಣ್ಣು. ನನ್ನ ಬಟ್ಟು ಹಿಡಕೊಂಡು ಬಿಡಲೇ ಇಲ್ಲ.”

ಕೂಟಕ್ಕೆ ಒಂದು ವಾರ ಮೊದಲೇ ಅವಳು ಹೇಳಿದ್ದಳು, ಈಗ ನೆನಪಾಯಿತು. “ಈ ತಿಂಗಳ ಕಡೀಕ ನಂದೂ ಮುಗೀತದ” ಎಂದಿದ್ದಳು. ನಾನು ಕರೆಯಬೇಕಾದವರ ಹೆಸರು ಬರೆಯುತ್ತ ಹೂಂ ಎಂದಿದ್ದೆ. ಹನ್ನೊಂದು ವರ್ಷ ನಾನು ಅವಳ ಸಾಕ್ಷಿಯ ಬಗ್ಗೆ ಅಂಜಿದ್ದೆ, ನಾಚಿದ್ದೆ, ಮರುಗಿದ್ದೆ. ಅಷ್ಟರಲ್ಲಿ ಒಂದು ಸಲವೂ ಅದು ಅವಳದ್ದೇ ಆಗಿರಬಹುದೆಂದು ನನಗೆ ಹೊಳೆದಿರಲಿಲ್ಲ.

“ತಪ್ಪಾತು ಅಕ್ಕ” ಎಂದೆ. ಕಣ್ಣಲ್ಲಿ ನೀರು ಬಂತು.

“ಮಾಫ್ ಮಾಡಿ ಎಷ್ಟೋ ವರ್ಷ ಆತು. ನೀ ಕೇಳೋದು ತಡ ಆತು” ಎಂದು ಜೋಳದ ಮೊರ ಎತ್ತಿಕೊಂಡಳು. “ಇನ್ನಾ ಹೇಳೋದು ಉಳದದ. ಅಸಲಿ ಮಾತು ಅದೇ. ನಾಳಿ ಐತ್ವಾರ ಅದ. ಚರ್ಚಿನ್ಯಾಗ ಹೇಳ್ತೇನಿ, ನೀ ಕೂತು ಕೇಳು.” ಸಂಜೆ ಪಾಸ್ಟರ ಮನೆಗೆ ತಾನೇ ಹೋಗಿ ಹೇಳಿ ಬಂದಳು. ಬಂದು, ಪೆಟ್ಟಿಗೆಯಿಂದ ಒಂದು ಒಳ್ಳೆಯ ಸೀರೆ ತೆಗೆದು ಮಡಿಕೆ ಬಿಡಿಸಿ ಇಟ್ಟಳು.

ಅಲ್ಲಿಯ ಚರ್ಚು ಸಣ್ಣದು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಎಲ್ಲರೂ ಜಮಖಾನೆಯ ಮೇಲೆ. ಎಲ್ಲರಂತೆ ನೆಲದ ಮೇಲೆ ಕೂರಬೇಕೆಂದು ನನಗೆ ಬಹಳ ಆಸೆಯಿತ್ತು. ಮಂಡಿ ಮಡಚಲೇ ಇಲ್ಲ. ಬೇಡವೆಂದರೂ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದರು. ಕುರ್ಚಿಗಾಗಿ ಜೀವ ಬಿಟ್ಟವನಿಗೆ ಕುರ್ಚಿ ಬೇಡವಾದಾಗ ಸಿಕ್ಕಿತು ನೋಡಿ.

ಪಾಸ್ಟರ್ ಹರೆಯದವರು, ಉತ್ಸಾಹಿ. ಆರಾಧನೆ ಸುರುವಾಗುವ ಮೊದಲು ಹೊಸಬರ ಪರಿಚಯ ಮಾಡಿಸಿದರು. “ಇವತ್ತು ನಮ್ಮ ರಾಹೇಲಮ್ಮನವರ ತಮ್ಮನವರು ಬಂದಾರ. ಬೀದರದ ಸಹಾಯಕ ನಿರ್ದೇಶಕರು ಸುಧಾಕರ್ ಸರ್. ಎಲ್ಲಾರೂ ಚಪ್ಪಾಳಿ ಹೊಡೀರಿ” ಎಂದರು. ಅವರು ಅಕ್ಕನ ಮನೆಯಲ್ಲಿ ಯಾವ ಬಟ್ಟಲಿನಲ್ಲಿ ಉಂಡಿದ್ದಾರೆಂದು ನನಗೆ ಆ ಕ್ಷಣವೇ ತಿಳಿಯಿತು.

ಚಪ್ಪಾಳೆ ನಿಲ್ಲುವ ಮೊದಲು ನಾನು ಎದ್ದೆ. “ನಾ ಸಹಾಯಕ ನಿರ್ದೇಶಕ ಅಲ್ರಿ” ಎಂದೆ. ಅಷ್ಟೇ ಹೇಳಿ ಕೂರಬೇಕೆಂದಿದ್ದೆ, ದೇವರಾಣೆ. ಆದರೆ ಎಲ್ಲರೂ ತಿರುಗಿ ನೋಡಿದರು. ಅಂಥ ಮೌನ ಸಿಕ್ಕಿದರೆ ಮಾತು ಬಲ್ಲವನಿಗೆ ಕೂರುವುದು ಕಷ್ಟ. ಬಟ್ಟಲಿನ ಕಥೆ ಹೇಳಿದೆ, ಜನ ನಕ್ಕರು. ಅಡಿಗೆಮನೆಗೆ ಅಕ್ಕನನ್ನು ಕಳಿಸಿದ್ದು ಹೇಳಿದೆ, ಹೆಂಗಸರು ಲೊಚಗುಟ್ಟಿದರು. ಅವತ್ತು ಅಕ್ಕನ ನಲವತ್ತೊಂದು ವರ್ಷದ ಕೆಲಸ ಮುಗಿದಿತ್ತು, ದೇವರಿಗೆ ಸ್ತೋತ್ರ ಹೇಳಲು ನಿಂತವಳ ಬಾಯಿ ಮುಚ್ಚಿಸಿದೆ, ಕೊನೆಯ ಕೂಸು ಅವಳ ಬೆರಳು ಹಿಡಿದುಕೊಂಡು ಬಿಡಲಿಲ್ಲವಂತೆ ಎಂದೆಲ್ಲ ಹೇಳಿದೆ. ಕೆಲವರು ಕಣ್ಣೊರೆಸಿಕೊಂಡರು. ಕೂತಾಗ ಎಷ್ಟೋ ವರ್ಷದ ಭಾರ ಇಳಿದಂತೆ ಹಾಯೆನಿಸಿತು. ಚೆನ್ನಾಗಿ ಹೇಳಿದೆ ಎಂದೂ ಅನ್ನಿಸಿತು. ಮುಚ್ಚಿಡುವುದೇಕೆ?

ಹಾಡುಗಳಾದವು, ಉಪದೇಶವಾಯಿತು. ಪಾಸ್ಟರ್ ಹೆಂಗಸರ ಕಡೆ ತಿರುಗಿದರು. “ರಾಹೇಲಮ್ಮನವರ, ಸಾಕ್ಷಿ ಹೇಳ್ತೀನಂದಿದ್ರಿ. ಬರ್ರಿ.”

ಅಕ್ಕ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. “ಆತಲ್ರಿ ಪಾಸ್ಟರ್. ನಮ್ಮ ತಮ್ಮ ಹೇಳ್ಯಾನ” ಎಂದಳು. ಮತ್ತೆ ಕೂತಳು.

ಜನ ಪ್ರೀತಿಯಿಂದ ನಕ್ಕರು. ತಮ್ಮನ ಮೇಲಿನ ಅಭಿಮಾನಕ್ಕೆ ಹಾಗೆಂದಳೆಂದು ತಿಳಿದರು. ಕುರ್ಚಿಯ ಮೇಲೆ ಕೂತ ನಾನೊಬ್ಬ ಮಾತ್ರ ನಗಲಿಲ್ಲ.

ಮನೆಗೆ ಹೋಗುವಾಗ ಅಕ್ಕ ಮುಂದೆ, ನಾನು ಹಿಂದೆ. ಅರ್ಧ ದಾರಿಯಲ್ಲಿ ನಿಂತಳು. “ಅವತ್ತು ಪೇಟಿ ಬಾರಿಸಿ ಬಾಯಿ ಮುಚ್ಚಿಸ್ದಿ. ಇವತ್ತು ನಂದು ನೀನೇ ಹೇಳಿ ಮುಗಿಸ್ದಿ” ಎಂದಳು. ಸಿಟ್ಟಿರಲಿಲ್ಲ, ಆಯಾಸವಿತ್ತು. “ಸಣ್ಣಾವ ಆಗಬೇಕಂದ್ರೂ ನೀ ಎಲ್ಲಾರ ಮುಂದ ನಿಂತೇ ಆಗಬೇಕೇನೋ ಸುಧ್ಯಾ? ಮೂಲ್ಯಾಗ ಸುಮ್ಮ ಕೂತಾವರೂ ಮೇಲಿನಾವಗ ಕಾಣ್ತಾರೋ.”

“ಈಗ ಹೇಳು ಅಕ್ಕ. ಉಳದದ್ದು ಹೇಳು. ನಾ ಬಾಯಿ ತೆಗಿಯಲ್ಲ.”

“ಅದು ಹಾದ್ಯಾಗ ಹೇಳೋ ಮಾತಲ್ಲ” ಎಂದಳು. ಮನೆಗೆ ಹೋಗಿ ಬಿಸಿ ರೊಟ್ಟಿ ಬಡಿದು ಹಾಕಿದಳು. ಬಸ್ಸಿಗೆ ಹೊರಟಾಗ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದಳು. ಅದರಲ್ಲಿಯೂ ಆ ಮಾತು ಬರಲಿಲ್ಲ.

ಈಗ ನಾನು ಮೈಲೂರಿನ ಚರ್ಚಿನಲ್ಲಿ ಹಿಂದಿನ ಗೋಡೆಗೆ ಒರಗಿ ಕೂರುತ್ತೇನೆ. ಚೀಟಿ ಬರೆಯುವುದಿಲ್ಲ, ಹಾರ್ಮೋನಿಯಂ ಮುಟ್ಟುವುದಿಲ್ಲ. ಹೆಸರಿನ ಹಿಂದೆಮುಂದೆ ಏನೂ ಇಲ್ಲದ ಮನುಷ್ಯನನ್ನು ದೇವರು ಬಲ್ಲ, ಅಷ್ಟು ಸಾಕು ಎಂದು ನಂಬಲು ಕೆಲವು ಭಾನುವಾರ ಆಗುತ್ತದೆ. ಕೆಲವು ಭಾನುವಾರ ಆಗುವುದಿಲ್ಲ. ಆಗದ ದಿನ ಇನ್ನಷ್ಟು ಹೊತ್ತು ಕೂತಿರುತ್ತೇನೆ.

ತಿಂಗಳಿಗೊಮ್ಮೆ ಠಾಣಾ ಕುಶನೂರಿಗೆ ಹೋಗುತ್ತೇನೆ. ಇನ್ಯಾರಾದರೂ ಸಾಕ್ಷಿ ಹೇಳುವವರಿದ್ದೀರಾ ಎಂದು ಪಾಸ್ಟರ್ ಕೇಳಿದಾಗ ನಾನು ತುಟಿ ಬಿಗಿಹಿಡಿದು ಹೆಂಗಸರ ಕಡೆ ನೋಡುತ್ತೇನೆ. ಅಕ್ಕ ಕನ್ನಡಕ ಹಾಕಿಕೊಂಡು ಹಾಡಿನ ಪುಸ್ತಕ ತೆರೆಯುತ್ತಾಳೆ.